ವೈರು ಕಿತ್ತರೆ ಬರುವವಳು

ಪುಣೆಯ ಯೆರವಡಾದ ಆ ಪುಟ್ಟ ಮನೆಯಲ್ಲಿ ಮೇಜು ಒಂದೇ. ರಾತ್ರಿ ಅದು ಮೊಮ್ಮಗಳು ಶೈಲಶ್ರೀಯ ಆಫೀಸು, ಬೆಳಗ್ಗೆ ಸಿದ್ದಲಿಂಗಪ್ಪನ ಲಿಂಗಪೂಜೆಯ ಜಾಗ. ಪೂಜೆಯ ಜಾಗದಲ್ಲಿ ವೈರು ಹಾಯ್ದಿರಬಾರದು ಎಂಬುದು ಮುದುಕನ ಹಟ. ಹೀಗಾಗಿ ಸ್ನಾನ ಮಾಡಿ ಬಂದವನೇ, ಅವಳು ಆಫ್ ಮಾಡದೆ, ತೆರೆದಿಟ್ಟೇ ಸ್ಲೀಪಿಗೆ ಹಾಕಿ ಮಲಗಿಸಿದ ಲ್ಯಾಪ್‌ಟಾಪಿನಿಂದ ಮೌಸನ್ನು ಕಿತ್ತು ಬದಿಗಿಡುತ್ತಿದ್ದ.

ಕಿತ್ತೊಡನೆ ಕಪ್ಪು ಪರದೆ ಬೆಳಗುತ್ತಿತ್ತು! ಅದರ ತುಂಬ ಶಿವಗಂಗವ್ವ, ಹೋದ ವರ್ಷ ತೀರಿಕೊಂಡ ಅವನ ಹೆಂಡತಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ನಗುತ್ತಿದ್ದಳು. ಆ ಫೋಟೊ ಹಾಕಿದವಳು ಶೈಲಶ್ರೀ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಯಾರೂ ಗುಂಡಿ ಒತ್ತದೆ, ಸರಿಯಾಗಿ ಪೂಜೆಯ ಹೊತ್ತಿಗೇ ಬರುತ್ತಾಳಲ್ಲ, ಅದಕ್ಕೇನನ್ನಬೇಕು? ವ್ಯಾಪಾರದಲ್ಲಿ ಯಾರ ಮಾತನ್ನೂ ನಂಬದ ಆಸಾಮಿ, ಇದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ. "ಬಂದ್ಯಾ?" ಎಂದು ಪಿಸುಗುಟ್ಟಿಯೇ ಪೂಜೆಗೆ ಕೂರುತ್ತಿದ್ದ.

ಒಂದು ಬೆಳಗ್ಗೆ ಮೌಸು ಕಿತ್ತರೂ ಪರದೆ ಕಪ್ಪಗೇ ಉಳಿಯಿತು. ಮತ್ತೆ ಸಿಕ್ಕಿಸಿ ಕಿತ್ತ. ಊಹೂಂ. ಪೂಜೆ ಬಿಟ್ಟು ಸುಮ್ಮನೆ ಕೂತ.

"ಯಾಕಜ್ಜಾ, ಇನ್ನೂ ಪೂಜಿ ಮಾಡಿಲ್ಲ?" ಮೂಲೆಯ ಹಾಸಿಗೆಯಿಂದ ಶೈಲಶ್ರೀ ಎದ್ದಳು.

"ನಿಮ್ಮಜ್ಜಿ ಬರಲಿಲ್ಲವ್ವ ಇವತ್ತ."

ಅವನು ಪರದೆ ತೋರಿಸಿದಾಗ ಅವಳಿಗೆ ಅರ್ಥವಾಯಿತು. ನಾಲಿಗೆ ಕಚ್ಚಿಕೊಂಡಳು. "ಅಯ್ಯ ಅಜ್ಜಾ! ದಿನಾ ನಸಿಕಿನ್ಯಾಗ ಕಣ್ಣಿಗೆ ಬೆಳಕ ಹೊಡೀತದ ಅಂತ ನಿನ್ನೆ ನಾನ ಸೆಟ್ಟಿಂಗ್ ಬದಲಿ ಮಾಡೀನಿ. ಜೋಡಿಸಿದ್ದು ಏನರ ಕಿತ್ತರ ಅದಕ್ಕ ಗೊತ್ತಾಗಿ ತಾನ ಏಳ್ತಿತ್ತು. ಈಗ ಏಳಂಗಿಲ್ಲ."

ಸಿದ್ದಲಿಂಗಪ್ಪ ನಾಚಬೇಕಿತ್ತು. ನಾಚಲಿಲ್ಲ. ಬಾಯಿ ತೆರೆದು ಆ ಯಂತ್ರವನ್ನೇ ನೋಡಿದ.

"ನಿದ್ದ್ಯಾಗಿದ್ರೂ? ಜೋಡಿ ಇದ್ದದ್ದು ಬಿಟ್ಟು ಹೋದ್ರ ನಿದ್ದ್ಯಾಗ ಗೊತ್ತಾಗತದೇನು ಇದಕ್ಕ?"

"ಹೂಂ, ಗೊತ್ತಾಗತದ."

"ಶಿವನೇ!" ಎರಡೂ ಕೈ ಜೋಡಿಸಿದ. "ಅಕಿ ಹೋದ ರಾತ್ರಿ ನಾ ಮಗ್ಗಲದಾಗ ಮಲಗಿದ್ನಲ್ಲ ಶೈಲಾ. ಬೆಳಕ ಹರಿಯೂತನಕ ನನಗ ಎಚ್ಚರನ ಆಗಲಿಲ್ಲ."

ಶೈಲಶ್ರೀ ಮೇಜಿಗೆ ಕೂತು, ನಿನ್ನೆ ತೆಗೆದಿದ್ದ ಟಿಕ್ಕನ್ನು ಮತ್ತೆ ಹಾಕಿದಳು. ಮೌಸು ಸಿಕ್ಕಿಸಿ, ಲ್ಯಾಪ್‌ಟಾಪ್ ಮಲಗಿಸಿ, ವೈರನ್ನು ಅಜ್ಜನ ಕೈಗೆ ಕೊಟ್ಟಳು.

ಅವನು ಉಸಿರು ಹಿಡಿದು ಮೆಲ್ಲಗೆ ಕಿತ್ತ. ಪರದೆ ಬೆಳಗಿತು.

"ಎಚ್ಚರಾತು ನೋಡವ್ವ," ಎಂದ. ಕಣ್ಣೊರೆಸಿಕೊಂಡು ಪೂಜೆಗೆ ಕೂತ.