ಬಾಚಿಗೆ ಬಾಚಿ ಅಂತ ಯಾಕೆ

ಹೊಸ್ತಿಲಿನ ಮರ ಅರ್ಧ ಕೆತ್ತಿ ಬಿದ್ದಿತ್ತು. ಸಂಜೆಗೆ ಅದನ್ನು ಒಯ್ಯಲು ಗಾಡಿ ಬರುವುದಿತ್ತು. ಕೆತ್ತಬೇಕಾದ ಅಪ್ಪ, ದೊಡ್ಡಪ್ಪ ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದರು. ಆ ಮರಗೆಲಸದ ಶೆಡ್ಡನ್ನು ನಡೆಸುತ್ತಿದ್ದ ಮಗಳಿಗೆ ತಲೆ ಚಿಟ್ಟುಹಿಡಿದಿತ್ತು.

ಶುರುಮಾಡಿದ್ದು ಗಿರಾಕಿ. ಹೊಸ್ತಿಲು ನೋಡಲು ಬಂದವರು ನೋಡಿಕೊಂಡು ಹೋಗಬಾರದೆ? ದೊಡ್ಡಪ್ಪನ ಕೈಯಲ್ಲಿದ್ದ, ಮರ ಕೆತ್ತುವ ಬಾಚಿ ತೋರಿಸಿ, ಇದಕ್ಕೆ ಈ ಹೆಸರು ಯಾಕೆ ಬಂತು ಅಂತ ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋಗಿದ್ದರು.

"ಮರಾನ ಬಾಚುತ್ತೆ, ಅದಕ್ಕೆ ಬಾಚಿ," ಅಂದರು ಅಪ್ಪ.

"ಬಾಚೋದು ಬಾಚಣಿಗೆ," ಅಂದರು ದೊಡ್ಡಪ್ಪ. "ಇದು ಸಂಸ್ಕೃತದ ವಾಶಿ. ನನಗೆ ಕೆಲಸ ಕಲಿಸಿದೋರು ಹೇಳಿದ್ದು."

"ಅವರು ಸುತ್ತಿಗೇನೂ ಸಂಸ್ಕೃತ ಅಂತಿದ್ರು."

ಅಲ್ಲಿಗೆ ಮಾತೂ ನಿಂತಿತು, ಕೆಲಸವೂ ನಿಂತಿತು. ದೊಡ್ಡಪ್ಪ ಬಾಚಿಯನ್ನು ತೊಡೆಯ ಮೇಲಿಟ್ಟುಕೊಂಡರು. ಅವರು ಕೊಡುವವರಲ್ಲ, ಅಪ್ಪ ಕೇಳುವವರಲ್ಲ.

"ಇಬ್ಬರದೂ ಸರಿ ಅಂತಿಟ್ಕೊಳ್ಳಿ," ಅಂದಳು ಮಗಳು.

"ಅದು ಹೇಗೆ ಎರಡೂ ಸರಿಯಾಗುತ್ತೆ?" ಎಂದು ಇಬ್ಬರೂ ಅವಳ ಮೇಲೇ ತಿರುಗಿಬಿದ್ದರು.

ಬೇರೆ ದಾರಿ ಕಾಣದೆ ಅತ್ತೆಗೆ ಫೋನು ಮಾಡಿದಳು. ಅಣ್ಣಂದಿರನ್ನು ಬೈದು ದಾರಿಗೆ ತರುವುದು ಆ ತಂಗಿಗೊಬ್ಬಳಿಗೇ ಗೊತ್ತಿತ್ತು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಅತ್ತೆ ಬೈಯಲಿಲ್ಲ.

"ಇಬ್ಬರಿಗೂ ಗೊತ್ತಿಲ್ಲ. ಅಲಗು ಬಾಗಿದೆಯಲ್ಲ? ಬಾಗಿದ್ದು ಬಾಗಿ, ಬಾಗಿ ಹೋಗಿ ಬಾಚಿ. ಅಮ್ಮ ನನಗೊಬ್ಬಳಿಗೇ ಹೇಳಿದ್ದು."

ಮಗಳು ಹಣೆ ಹಿಡಿದುಕೊಂಡು ಫೋನಿಟ್ಟಳು. ಅಣ್ಣತಮ್ಮಂದಿರು ಬೆಳಗಿನಿಂದ ಮೊದಲ ಸಲ ಮುಖ ಮುಖ ನೋಡಿಕೊಂಡರು.

"ಒಂದು ಮೊಳೆ ಹೊಡೆದೋಳಲ್ಲ. ಬಾಗಿಯಂತೆ," ಅಂದರು ಅಪ್ಪ.

"ಬಾಗಿದ್ದೆಲ್ಲ ಬಾಚಿ ಆದರೆ ನನ್ನ ಬೆನ್ನೂ ಬಾಚಿಯೇ," ಅಂದರು ದೊಡ್ಡಪ್ಪ. "ಹಿಡಿ, ಆ ಮೂಲೆ ನೀನು ಕೆತ್ತು."

ತಂಗಿಯನ್ನು ಆಡಿಕೊಳ್ಳುತ್ತಾ ಕೆತ್ತಿದರು, ಕೀಸಿದರು, ಉಜ್ಜಿದರು. ಗಾಡಿ ಬರುವ ಹೊತ್ತಿಗೆ ಹೊಸ್ತಿಲು ಕೈಯಾಡಿಸಿದರೆ ಜಾರುವಷ್ಟು ನುಣುಪಾಗಿತ್ತು. ಮಗಳಿಗೆ ಸಂತೋಷಪಡಲೂ ಪುರಸೊತ್ತಾಗಲಿಲ್ಲ. ಗಾಡಿ ಮರೆಯಾಗುವ ಮೊದಲೇ ಅತ್ತೆಯ ಫೋನು ಬಂತು.

"ಏನಂದ್ರು ಅವರು?"

"ಏನೂ ಅನ್ನಲಿಲ್ಲ ಅತ್ತೆ."

"ಹಾಗಾದ್ರೆ ಒಪ್ಪಿಕೊಂಡ್ರು. ಭಾನುವಾರ ಬರ್ತೀನಿ, ಗರಗಸದ್ದೂ ಹೇಳಿಬಿಡ್ತೀನಿ."

ಒಳಗಿನಿಂದ ದೊಡ್ಡಪ್ಪ ಕೂಗಿದರು, "ಏನಂತೆ ಅವಳದು?"

"ಆರೋಗ್ಯ ವಿಚಾರಿಸಿದ್ರು," ಎಂದ ಮಗಳು ಮರದ ಹೊಟ್ಟಿನ ಚೀಲ ಹೊತ್ತು ಹಿತ್ತಲಿಗೆ ಹೋದಳು. ಚೀಲ ಸುರಿದ ಮೇಲೂ ಒಳಗೆ ಬರಲು ಮನಸ್ಸಾಗದೆ, ಹೊಟ್ಟಿನ ರಾಶಿಯ ಮೇಲೇ ಸುಮಾರು ಹೊತ್ತು ಕೂತುಬಿಟ್ಟಳು.