ನಾಲ್ಕು ಗಂಟೆಯ ಸವಾರಿ

ಎಡಗಾಲಿನ ಬೂಟು ಹಿಮ್ಮಡಿಯ ಹತ್ತಿರ ಬಂದು ನಿಂತುಬಿಟ್ಟಿತು. ಮಗಳು ಮಂಡಿಯೂರಿ ಇನ್ನೊಮ್ಮೆ ಒತ್ತಿದಳು. ಅದು ಜಗ್ಗಲಿಲ್ಲ.

"ಬಿಡಿ ಅಮ್ಮ, ಕಾಲು ಊದಿದೆ," ಎಂದ ಶವದ ಪೆಟ್ಟಿಗೆ ತಂದಿದ್ದ ಮುದುಕ. "ಮೇಲೆ ಬಟ್ಟೆ ಹೊದಿಸ್ತೀವಲ್ಲ, ಯಾರಿಗೂ ಕಾಣಲ್ಲ."

"ಕಾಣಲಿ ಅಂತ ಹಾಕ್ತಿಲ್ಲ ನಾನು."

ಅವಳು ಅಡುಗೆಮನೆಯಿಂದ ಚಾಕು ತಂದು ಬೂಟಿನ ಹಿಂಭಾಗವನ್ನು ಮೇಲಿನಿಂದ ಕೆಳಗೆ ಸೀಳಿದಳು. ಕಾಲು ಒಳಗೆ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಸೋದರಮಾವ ಹಣೆ ಚಚ್ಚಿಕೊಂಡ. "ಅಕ್ಕನ ಹಟ ಅಕ್ಕನ ಜೊತೆಗೇ ಹೋಗುತ್ತೆ ಅಂದ್ಕೊಂಡಿದ್ದೆ. ಇಲ್ಲೇ ಬಿಟ್ಟು ಹೋಗಿದಾಳೆ."

ಸತ್ತವಳಿಗೆ ಎಪ್ಪತ್ತೊಂದು. ಸರೋವರದ ದಂಡೆಯ ಈ ಊರಿನಲ್ಲಿ ಎಲ್ಲರಿಗೂ ಅವಳು ಲಾಯದಮ್ಮ. ರಜೆಗೆ ಬರುವ ಮಕ್ಕಳನ್ನು, ಅದೂ ಹಿಂದೆಂದೂ ಕುದುರೆ ಮುಟ್ಟದ ಮಕ್ಕಳನ್ನು, ಕುದುರೆ ಹತ್ತಿಸಿ ನೀರಿನ ಅಂಚಿನ ದಾರಿಯಲ್ಲಿ ಒಂದು ಸುತ್ತು ಕರೆದೊಯ್ದು ತರುವುದು ಅವಳ ಕೆಲಸವಾಗಿತ್ತು. ಮೊನ್ನೆ ಬೆಳಿಗ್ಗೆ ಲಾಯದಲ್ಲಿ ಮೇವಿನ ಬಕೆಟ್ ಹಿಡಿದುಕೊಂಡೇ ಕುಸಿದಿದ್ದಳು. ಮಗಳು ಹೋಗಿ ನೋಡಿದಾಗ ನಾಲ್ಕೂ ಕುದುರೆಗಳು ಅವಳ ಸುತ್ತ ಚೆಲ್ಲಿದ ಕಾಳನ್ನು ತಿನ್ನುತ್ತಿದ್ದವು. ಒಂದರ ಗೊರಸೂ ಅವಳ ಸೀರೆಯಂಚಿಗೆ ಸೋಕಿರಲಿಲ್ಲ.

ಹೊರಗೆ ಯಾರೋ ಕರೆದರು. ರೆಸಾರ್ಟಿನ ಜೀಪು ಬಂದಿತ್ತು. ಇಬ್ಬರು ಸಮವಸ್ತ್ರದವರು ಗಾಡಿಯ ಚಕ್ರದಷ್ಟು ದೊಡ್ಡ ಹೂವಿನ ಮಾಲೆಯನ್ನು ಇಳಿಸುತ್ತಿದ್ದರು. ಅದರ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ: 'ನಮ್ಮ ನಿಷ್ಠಾವಂತ ಸೇವಕಿಗೆ, ರೆಸಾರ್ಟ್ ಕುಟುಂಬದಿಂದ'.

ಮಗಳು ಅದನ್ನು ಎರಡು ಸಲ ಓದಿದಳು. ಚಾಕು ಇನ್ನೂ ಕೈಯಲ್ಲೇ ಇತ್ತು. ಪಟ್ಟಿಯನ್ನು ಕತ್ತರಿಸಿ, ಮಡಚಿ, ಜೀಪಿನವನ ಕೈಗೆ ಕೊಟ್ಟಳು.

"ಇದನ್ನ ವಾಪಸ್ ಒಯ್ಯಿರಿ. ಹೂವು ಇರಲಿ. ಅದೇನು ತಪ್ಪು ಮಾಡಿದೆ?"

*

ಹೆದರಬೇಡ ಎಂಬ ಮಾತನ್ನು ಲಾಯದಮ್ಮ ಯಾವ ಮಗುವಿಗೂ ಹೇಳಿದವಳಲ್ಲ. ಹೇಳುವವರನ್ನು ಕಂಡರೂ ಆಗುತ್ತಿರಲಿಲ್ಲ.

ಒಂದು ರಜೆಯಲ್ಲಿ ಒಬ್ಬ ತಂದೆ ಆರು ವರ್ಷದ ಮಗನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದ. "ಏನೂ ಆಗಲ್ಲ ಹತ್ತೋ! ಗಂಡು ಹುಡುಗ ಆಗಿ ಹೀಗಾ ಹೆದರೋದು?"

"ಮೊದಲು ನೀವು ಹತ್ತಿ ತೋರಿಸಿ ಸ್ವಾಮಿ," ಎಂದಳು ಲಾಯದಮ್ಮ.

ಆತ ಎರಡು ಹೆಜ್ಜೆ ಹಿಂದೆ ಸರಿದ. "ನನಗೆ ಸೊಂಟ ನೋವಿದೆ."

"ಕುದುರೆ ಕಂಡರೆ ಕಾಲು ನೋವು ಅಂತ ಗಾದೆ ಕೇಳಿದ್ದೆ. ಸೊಂಟಾನೂ ನೋಯುತ್ತೆ ಅಂತ ಗೊತ್ತಿರಲಿಲ್ಲ."

ಆಮೇಲೆ ಹುಡುಗನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಹೆದರಿಕೆ ಆಗ್ತಿದೆಯಾ? ಆಗಲೇಬೇಕು. ನಿನಗಿಂತ ಇಪ್ಪತ್ತು ಪಟ್ಟು ತೂಕದ ಪ್ರಾಣಿ. ಹೆದರದೆ ಇರೋರನ್ನ ನಾನು ಹತ್ತಿಸೋದೇ ಇಲ್ಲ, ಅವರು ಗಟ್ಟಿಯಾಗಿ ಹಿಡ್ಕೊಳ್ಳಲ್ಲ. ಇವನ ಹೆಸರು ಗೊಣಗ. ಗೊಣಗ್ತಾನೆ, ಕಚ್ಚಲ್ಲ. ನನ್ನ ತಮ್ಮನ ಹಾಗೆ."

ಹುಡುಗ ಹತ್ತಿದ. ಹತ್ತಿದವನೇ, "ಇಳೀಬೇಕು," ಎಂದ.

"ಇಳಿ. ಆ ಓರೆ ಮರ ಇದೆಯಲ್ಲ, ಅಲ್ಲಿ ಇಳಿ."

ಓರೆ ಮರ ಬಂತು. ಅವಳು ಕುದುರೆಯನ್ನು ನಿಲ್ಲಿಸಿದಳು. ಮಾತಿಗೆ ತಪ್ಪುವವಳಲ್ಲ. "ಇಳೀತೀಯಾ?"

ಹುಡುಗ ಕೆಳಗೆ ನೋಡಿದ, ಮುಂದೆ ನೋಡಿದ. "ಅದರ ಮುಂದಿನ ಮರ."

ಹೀಗೆ ಹದಿನೇಳು ಮರ ದಾಟಿ ಸುತ್ತು ಮುಗಿಯಿತು. ಇಳಿದವನ ಬೆವೆತ ಅಂಗೈಯಲ್ಲಿ ಕುದುರೆಯ ಕೂದಲು ಅಂಟಿಕೊಂಡಿತ್ತು.

"ಹೆದರಿಕೆ ಇನ್ನೂ ಇದೆಯಾ?"

"ಇದೆ."

"ಇರಲಿ ಬಿಡು. ಅದೂ ನಿನ್ನ ಜೊತೆ ಒಂದು ಸುತ್ತು ಹಾಕಿ ಬಂತು."

ಆಗ ಹಿಂದಿನ ಕುದುರೆ ಮಗಳದು. ವರ್ಷವಿಡೀ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ರಜೆಯಲ್ಲಿ ಅಮ್ಮನ ಹತ್ತಿರ. ಎರಡು ಕಡೆಯೂ ಹೆದರಿದ ಮಕ್ಕಳೇ ಎಂದು ಅವಳು ನಗುತ್ತಿದ್ದಳು.

*

ಸ್ಮಶಾನ ಇದ್ದದ್ದು ಊರ ಹಿಂದಿನ ದಿಣ್ಣೆಯ ಮೇಲೆ. ಅರವತ್ತು ಎಪ್ಪತ್ತು ಜನ ಬಂದಿದ್ದರು. ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಒಬ್ಬ ಊರಿನ ಬಸ್ ಡ್ರೈವರ್. ಅವನ ಬಲಗೈ ಮೊಣಕೈಯ ಹತ್ತಿರ ಸೊಟ್ಟ. ಆ ಕೈಯನ್ನು ಪೂರ್ತಿ ಮೇಲೆತ್ತಲಾಗದ್ದರಿಂದ ಅವನ ಕಡೆ ಪೆಟ್ಟಿಗೆ ತುಸು ವಾಲಿತ್ತು. ಸೋದರಮಾವ ಬೇರೆಯವರನ್ನು ಕರೆಯಲು ಹೋದಾಗ ಮಗಳು ಬೇಡವೆಂದು ತಲೆಯಾಡಿಸಿದಳು.

ರೆಸಾರ್ಟಿನ ಮ್ಯಾನೇಜರೂ ಬಂದಿದ್ದ. ಎರಡು ವರ್ಷದ ಹಿಂದೆ ಬೇರೆ ಊರಿನಿಂದ ಬಂದವನು. ಲಾಯದಮ್ಮನನ್ನು ಹತ್ತಿರದಿಂದ ಕಂಡವನೇ ಅಲ್ಲ. ಆದರೂ ಪೆಟ್ಟಿಗೆಯನ್ನು ಕೆಳಗಿಟ್ಟ ಮೇಲೆ ಯಾರೂ ಕೇಳದಿದ್ದರೂ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ಈ ತಾಯಿ ಹಿಂದೆ ನಮ್ಮ ಸಂಸ್ಥೆಯಲ್ಲಿ ಇಪ್ಪತ್ತಮೂರು ವರ್ಷ ದುಡಿದರು. ಸಾವಿರಾರು ಮಕ್ಕಳನ್ನು ಕುದುರೆ ಹತ್ತಿಸಿದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಅಪಘಾತ ಆಗಲಿಲ್ಲ ಅನ್ನೋದು ನಮಗೆಲ್ಲ ಹೆಮ್ಮೆ..."

"ಒಂದಾಗಿತ್ತು."

ಜನ ತಿರುಗಿ ನೋಡಿದರು. ಬಸ್ ಡ್ರೈವರ್ ತನ್ನ ಸೊಟ್ಟ ಕೈಯನ್ನು, ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ, ಎಷ್ಟು ಆಗುತ್ತದೋ ಅಷ್ಟು ಎತ್ತಿ ನಿಂತಿದ್ದ.

"ಒಂದಾಗಿತ್ತು ಸಾರ್. ಅದು ನಾನೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ್ ನಗಬೇಕೋ ಬೇಡವೋ ತಿಳಿಯದೆ ನಿಂತ. "ನಮ್ಮ ಕಡತದಲ್ಲಿ ಅಂಥದ್ದೇನೂ..."

"ಕಡತದಲ್ಲಿ ಇರಲ್ಲ. ಇವರು ಬರೆದುಕೊಟ್ಟಿದ್ದನ್ನ ನಿಮ್ಮೋರು ಇಟ್ಕೊಳ್ಳಲಿಲ್ಲ."

"ಇವತ್ತು ಅದೆಲ್ಲ ಯಾಕಪ್ಪ?" ಎಂದ ಸೋದರಮಾವ.

"ಇವತ್ತಲ್ಲದೆ ಇನ್ಯಾವತ್ತು ಮಾವ?" ಎಂದಳು ಮಗಳು. "ಅಮ್ಮ ಸುಳ್ಳು ಕೇಳಿಸ್ಕೊಂಡು ಮಣ್ಣಿಗೆ ಹೋಗೋದು ಬೇಡ." ಡ್ರೈವರನ ಕಡೆ ತಿರುಗಿದಳು. "ಹೇಳಪ್ಪ, ನೀನೇ ಹೇಳು."

*

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಚರ್ಮದ ಪಟ್ಟಿಯೊಂದು ಬಿರುಕು ಬಿಟ್ಟಿತ್ತು. ಹೊಸದು ತರಿಸಿ ಎಂದು ಲಾಯದಮ್ಮ ಆಗಿನ ಮ್ಯಾನೇಜರಿಗೆ ಮೂರು ಸಲ ಹೇಳಿದ್ದಳು. ಪ್ರತಿ ಸಲವೂ ಅವನದು 'ಈ ವಾರ ಬರುತ್ತೆ' ಎಂಬ ಒಂದೇ ಮಾತು. ಅಂದು ಬೆಳಿಗ್ಗೆ ನಾಲ್ಕು ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಅವಳು ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡಿದಳು. ಹಗ್ಗದಿಂದ ಒಂದು ಸುತ್ತು ಕಟ್ಟಿದಳು. ಇನ್ನೊಂದು ಸವಾರಿ ತಡೆದೀತು ಅಂದುಕೊಂಡಳು.

ತಡೆಯಲಿಲ್ಲ. ಹಳ್ಳ ದಾಟಿ ದಡ ಹತ್ತುವಾಗ ಜೀನು ಪಕ್ಕಕ್ಕೆ ಜಾರಿತು. ಎಂಟು ವರ್ಷದ ಹುಡುಗ ಕಲ್ಲಿನ ಮೇಲೆ, ಕುದುರೆಯ ಕಾಲ ಕೆಳಗೇ ಬಿದ್ದ. ಕಂದು ಹೆಣ್ಣುಕುದುರೆ ಎತ್ತಿದ ಮುಂಗಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಿತು. ಲಾಯದಮ್ಮ ನೀರಿನಲ್ಲಿ ಓಡಿ ಬಂದು ಹುಡುಗನನ್ನು ಹೊರಗೆಳೆದುಕೊಳ್ಳುವವರೆಗೂ ಆ ಕಾಲನ್ನು ಕೆಳಗಿಡಲಿಲ್ಲ. ಹಿಂದಿನ ಕುದುರೆಯ ಮೇಲೆ ಕೂತು ಹದಿನಾಲ್ಕು ವರ್ಷದ ಮಗಳು ಎಲ್ಲವನ್ನೂ ನೋಡಿದ್ದಳು.

ಸಂಜೆ ಮ್ಯಾನೇಜರ್ ಒಂದು ಕಾಗದ ತಂದ. ಕುದುರೆ ಬೆಚ್ಚಿಬಿದ್ದು ಮಗುವನ್ನು ಕೆಡವಿತು ಎಂದು ಅದರಲ್ಲಿತ್ತು. "ಒಂದು ಸಹಿ ಹಾಕು ಸಾಕು. ಸೋಮವಾರ ಡಾಕ್ಟರು ಬಂದು ಕುದುರೆಗೆ ಸಾಯೋ ಸೂಜಿ ಚುಚ್ತಾರೆ. ಅಲ್ಲಿಗೆ ಮುಗೀತು. ನಿನಗೂ ತೊಂದರೆ ಇಲ್ಲ, ನಮಗೂ ಇಲ್ಲ."

"ಕುದುರೆಗೆ?"

"ಕುದುರೆ ಮಾತಾಡುತ್ತೇನಮ್ಮ?"

"ಅದಕ್ಕೆ ಬಾಯಿಲ್ಲ ಅಂತ ನನಗೂ ಇಲ್ವಾ?"

ಅವಳು ಕಾಗದ ತಿರುಗಿಸಿ ಹಿಂಬದಿಯಲ್ಲಿ ತನ್ನ ದಪ್ಪ ಅಕ್ಷರದಲ್ಲಿ ಬರೆದಳು: ಪಟ್ಟಿ ಹಳೆಯದಾಗಿತ್ತು. ಮೂರು ಸಲ ಹೇಳಿದ್ದೆ. ತರಿಸಲಿಲ್ಲ. ಗೊತ್ತಿದ್ದೂ ಮಗುವನ್ನು ಹತ್ತಿಸಿದ್ದು ನಾನು. ಕುದುರೆಯದು ತಪ್ಪಿಲ್ಲ.

"ಇದು ಕೊಟ್ಟರೆ ಕೆಲಸ ಹೋಗುತ್ತೆ."

"ಹೋಗಲಿ. ಅಪಾಯದ ಕುದುರೆ ಅಂತ ನೀವೇ ಬರೆದಿದ್ದೀರಿ. ಅಂದ್ಮೇಲೆ ನಿಮಗೆ ಬೇಡ ಅಂತಾಯ್ತು. ನಾನು ಹೊಡ್ಕೊಂಡು ಹೋಗ್ತೀನಿ."

ಅತಿಥಿಗಳೆಲ್ಲ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದ ಹೊತ್ತಿಗೆ, ಹಿತ್ತಿಲ ಬಾಗಿಲಿದ್ದರೂ, ಅವಳು ಕಂದು ಕುದುರೆಯನ್ನು ಮುಂಬಾಗಿಲಿನಿಂದಲೇ ನಡೆಸಿಕೊಂಡು ಹೊರಟಳು. ಪೊಲೀಸರು ಬರುತ್ತಾರೆಂದು ಎರಡು ದಿನ ಕಾದಳು. ಬರಲಿಲ್ಲ. ಅವಳು ಬರೆದದ್ದು ನಾಲ್ಕು ಜನರ ಕಣ್ಣಿಗೆ ಬೀಳಬಾರದೆಂದು ರೆಸಾರ್ಟಿನವರೇ ತೆಪ್ಪಗಾದರು. ಆ ಕಂದು ಕುದುರೆಯೊಂದರಿಂದಲೇ ಅವಳ ಸ್ವಂತ ಲಾಯ ಶುರುವಾಯಿತು.

*

"ಮೂರನೇ ದಿನ ಆಸ್ಪತ್ರೆಗೆ ಬಂದ್ರು," ಎಂದ ಡ್ರೈವರ್. "ನಮ್ಮಪ್ಪ ಬಾಯಿಗೆ ಬಂದ ಹಾಗೆ ಬೈದ. ಎಲ್ಲಾ ಕೇಳಿಸ್ಕೊಂಡ್ರು. ಆಮೇಲೆ ಅಪ್ಪನ್ನ ದಾಟಿ ನನ್ನ ಮಂಚದ ಹತ್ತಿರ ಬಂದು, 'ಪಟ್ಟಿ ಹಳೇದು ಅಂತ ನನಗೆ ಗೊತ್ತಿತ್ತು ಮರಿ. ಹತ್ತಿಸಬಾರದಿತ್ತು. ತಪ್ಪಾಯ್ತು,' ಅಂದ್ರು. ದೊಡ್ಡೋರೊಬ್ರು ನನ್ನ ಹತ್ತಿರ ತಪ್ಪಾಯ್ತು ಅಂದಿದ್ದು ಅದೇ ಮೊದಲು. ಆಮೇಲೂ ಬಹಳ ಜನ ಅಂದಿಲ್ಲ." ಅವನು ಕೈ ಇಳಿಸಿದ. "ಮುಂದಿನ ರಜೇಲಿ ಇವರ ಹತ್ತಿರಾನೇ ಬಂದೆ. ಅದೇ ಕುದುರೆ ಹತ್ತಿದೆ. ಅಷ್ಟೇ ಸಾರ್. ನೀವು ಮುಂದುವರಿಸಿ."

ಮ್ಯಾನೇಜರ್ ಪಕ್ಕಕ್ಕೆ ಸರಿದ. ಮಣ್ಣು ಬಿತ್ತು.

ಇಳಿಜಾರಿನಲ್ಲಿ ಮ್ಯಾನೇಜರ್ ಮಗಳ ಜೊತೆಗೂಡಿದ. ದನಿ ತಗ್ಗಿಸಿ, "ಇನ್ನು ಕುದುರೆಗಳ ಜವಾಬ್ದಾರಿ ನಿಮಗೆ ಒಬ್ಬರಿಗೇ ಭಾರ. ಸವಾರಿ ನಿಂತರೆ ಆ ನೀರಂಚಿನ ದಾರಿ ನಮ್ಮ ಅತಿಥಿಗಳ ಕಾರಿಗೆ ಅನುಕೂಲ ಆಗುತ್ತೆ. ಅವಸರ ಇಲ್ಲ, ಯೋಚನೆ ಮಾಡಿ," ಎಂದ.

"ನಿಂತ್ರೆ ತಾನೇ," ಎಂದಳು ಅವಳು.

ಹಾಗೆ ಅಂದಳೇ ಹೊರತು ಅವಳಿಗೂ ಗೊತ್ತಿರಲಿಲ್ಲ. ಮನೆ ಮುಟ್ಟುವಾಗಲೂ, ನಾಳೆ ಬೆಳಿಗ್ಗೆ ಲಾಯಕ್ಕೆ ಒಬ್ಬಳೇ ಹೋಗಬೇಕು ಎಂಬುದರ ಆಚೆಗೆ ಏನೂ ಹೊಳೆಯುತ್ತಿರಲಿಲ್ಲ.

ಗೇಟಿನ ಮುಂದೆ ಒಂದು ವ್ಯಾನು ನಿಂತಿತ್ತು. ಪಕ್ಕದಲ್ಲಿ ಬಣ್ಣಬಣ್ಣದ ಹೆಲ್ಮೆಟ್ ಹಾಕಿಕೊಂಡ ಮೂರು ಮಕ್ಕಳು. ನಾಲ್ಕು ಗಂಟೆಯ ಸವಾರಿಗೆ ಅಮ್ಮ ಹೋದ ವಾರ ಒಪ್ಪಿಕೊಂಡದ್ದು. ಅವರಿಗೆ ಫೋನ್ ಮಾಡುವುದು ಯಾರಿಗೂ ನೆನಪಾಗಿರಲಿಲ್ಲ.

ಮಕ್ಕಳ ತಾಯಿಗೆ ಮನೆಯವರ ಮುಖ ನೋಡಿಯೇ ಅರ್ಥವಾಯಿತು. "ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ. ಕ್ಷಮಿಸಿ. ಬನ್ರೋ, ವ್ಯಾನ್ ಹತ್ತಿ."

ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡಿದ್ದ ಏಳು ವರ್ಷದ ಹುಡುಗಿ ಉಸಿರುಬಿಟ್ಟಳು. "ಹಾಗಾದ್ರೆ ಹತ್ತೋದು ಬೇಡ್ವಾ?" ಅವಳ ಮುಖದಲ್ಲಿ ಹಬ್ಬಿದ ನೆಮ್ಮದಿಯನ್ನು ಮಗಳು ನೋಡಿದಳು. ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು ರಜೆ ಎಂದಾಗ ಮಕ್ಕಳ ಮುಖ ಹೀಗೇ ಆಗುತ್ತಿತ್ತು. ಮರುದಿನ ಅವು ಎರಡರಷ್ಟು ಹೆದರಿಕೊಂಡು ಬರುತ್ತಿದ್ದವು.

"ಬೇಡ ಅಂತ ಯಾರು ಹೇಳಿದ್ದು?" ಎಂದಳು.

"ಏ, ತಲೆ ಕೆಟ್ಟಿದೆಯಾ?" ಸೋದರಮಾವ ಅಡ್ಡ ಬಂದ. "ಮಣ್ಣು ಹಾಕಿ ಒಂದು ಗಂಟೆ ಆಗಿಲ್ಲ. ಜನ ಏನಂತಾರೆ?"

"ಜನ ಇಲ್ಲೇ ನಿಂತಿದಾರಲ್ಲ, ಕೇಳಿ."

ಸೋದರಮಾವ ತಿರುಗಿ, ಸ್ಮಶಾನದಿಂದ ಜೊತೆಗೆ ಬಂದಿದ್ದ ಜನರನ್ನು ನೋಡಿದ. ಬಸ್ ಡ್ರೈವರ್ ಆಗಲೇ ಅಂಗಿಯ ತೋಳು ಮಡಚುತ್ತ ಲಾಯದ ಕಡೆ ನಡೆದಿದ್ದ.

ಮಗಳು ಜೀನುಗಳನ್ನು ಹೊರತಂದಳು. ಒಂದೊಂದು ಪಟ್ಟಿಯ ಕೆಳಗೂ ಬೆರಳು ತೂರಿಸಿ ಎರಡೆರಡು ಸಲ ಎಳೆದು ನೋಡಿದಳು. ಅವಳ ಹಿಂದೆಯೇ ಡ್ರೈವರ್ ಮೂರನೇ ಸಲ ಎಳೆದು ನೋಡಿದ. ಗೊಣಗನ ಜೀನು ಬಿಗಿದ ಮೇಲೆ ಅವಳು ಅದರ ಮೇಲೆ ಹಣೆಯಿಟ್ಟು ನಿಂತುಬಿಟ್ಟಳು. ಬೆನ್ನು ಅಲುಗುತ್ತಿತ್ತು. ಅಂಗಳದಲ್ಲಿದ್ದವರೆಲ್ಲ ಬೇರೆ ಕಡೆ ನೋಡಿದರು. ಗೊಣಗ ಗೊಣಗದೆ ನಿಂತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅವಳು ತೋಳಿನಿಂದ ಮುಖ ಒರೆಸಿಕೊಂಡಳು. "ಮೊದಲು ಯಾರು? ಬಾ ಕನ್ನಡಕ, ನೀನೇ ಬಾ."

ಸಾಲು ಹೊರಟಿತು. ಮುಂದೆ ಗೊಣಗನ ಮೇಲೆ ಕನ್ನಡಕದ ಹುಡುಗಿ. ಲಗಾಮು ಹಿಡಿದು ನಡೆಯುತ್ತ ಮಗಳು. ಎರಡನೆಯದನ್ನು ಡ್ರೈವರ್ ಹಿಡಿದಿದ್ದ. ಕೊನೆಯದರ ಪಕ್ಕ, ಹೊಸ ಷೂ ಕೆಸರಾಯಿತೆಂದು ಬೈದುಕೊಳ್ಳುತ್ತ, ಸೋದರಮಾವ.

ನೀರಂಚಿನ ದಾರಿ ತಿರುಗುವಲ್ಲಿ ರೆಸಾರ್ಟಿನ ಬಿಳಿ ಕಾರು ಅಡ್ಡ ನಿಂತಿತ್ತು. ಮ್ಯಾನೇಜರ್ ದಾರಿಯ ಅಗಲವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ. ಕುದುರೆಗಳನ್ನು ಕಂಡು ಐದನೇ ಹೆಜ್ಜೆಯಲ್ಲೇ ನಿಂತ.

"ಅರೆ... ಇವತ್ತೇ? ನಾನು ಸುಮ್ಮನೆ ನೋಡ್ತಿದ್ದೆ..."

ಮಗಳು ಬಾಯಿ ತೆರೆಯುವಷ್ಟರಲ್ಲಿ ಅವಳ ತಲೆಯ ಮೇಲಿಂದ ನಡುಗುವ ದನಿಯೊಂದು ಬಂತು.

"ಅಂಕಲ್, ಕಾರ್ ತೆಗೀರಿ."

ಹುಡುಗಿಯ ಕನ್ನಡಕ ಮಂಜಾಗಿತ್ತು, ಮೂಗು ಸೋರುತ್ತಿತ್ತು, ಎರಡು ಮುಷ್ಟಿಯ ತುಂಬ ಕುದುರೆಯ ಕೂದಲಿತ್ತು.

"ಒಂದೇ ನಿಮಿಷ ಪುಟ್ಟಿ, ಆಂಟಿ ಹತ್ತಿರ ಒಂದು ಮಾತು..."

"ಈಗಲೇ ತೆಗೀರಿ! ನಿಂತ್ರೆ ನನಗೆ ಇನ್ನೂ ಹೆದರಿಕೆ ಆಗುತ್ತೆ!"

ಮ್ಯಾನೇಜರ್ ಕಾರು ಹತ್ತಿದ. ಒಂದು ಕಡೆ ನೀರು, ಇನ್ನೊಂದು ಕಡೆ ಬಂಡೆ. ಪೂರ್ತಿ ತಿರುಗಿಸಲು ಜಾಗವಿರಲಿಲ್ಲ. ಹೇಗೋ ನೇರ ಮಾಡಿಕೊಂಡು, ಕಿಟಕಿಯಿಂದ ಕತ್ತು ಹೊರಚಾಚಿ, ಹಿಮ್ಮುಖವಾಗಿ ನಡೆಸತೊಡಗಿದ. ಸರೋವರದ ಉದ್ದಕ್ಕೂ ಬಿಳಿ ಕಾರು ಹಿಂದೆ ಹಿಂದೆ ಸರಿಯುತ್ತ ಹೋಯಿತು. ಅದರ ಮೂತಿಗೆ ಮೂತಿ ತಾಗಿಸುವಂತೆ, ಬಾನೆಟ್ಟಿನ ಮೇಲೆ ಬಿಸಿಯುಸಿರಿನ ಮಂಜು ಬಿಡುತ್ತ, ಗೊಣಗ ಒಂದು ಹೆಜ್ಜೆಯನ್ನೂ ಅವಸರಿಸದೆ ಹಿಂಬಾಲಿಸಿದ.