ನೆಲದಡಿಯ ನಿಲ್ದಾಣಕ್ಕೆ ಇಳಿದ ಹುಸೇನಮ್ಮ

ಸಂತೆಕಲ್ಲೂರಿನಲ್ಲಿ ಯಾರಿಗಾದರೂ ದೊಡ್ಡ ಬೇನೆ ಬಂದರೆ ಮೊದಲು ಕಾಡುವುದು ದಾರಿಯ ಚಿಂತೆ. ಬೆಂಗಳೂರಿಗೆ ಬಸ್ಸೇನೋ ಸಿಗುತ್ತದೆ. ಅಲ್ಲಿ ಇಳಿದ ಮೇಲೆ ಆಸ್ಪತ್ರೆ ಮುಟ್ಟುವುದು ಹೇಗೆ?

ಹುಸೇನಮ್ಮನಿಗೆ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾದದ್ದು ಜೋಳದ ರಾಶಿ ಮುಗಿದ ಮೇಲೆ. ಇಪ್ಪತ್ತೈದು ದಿನ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಇಡಿಸಬೇಕೆಂದರು ಡಾಕ್ಟರು. ಗಂಡ ಪಕೀರಪ್ಪ ಮೆಜೆಸ್ಟಿಕ್ ಹತ್ತಿರದ ಛತ್ರದಲ್ಲಿ ಕೋಣೆ ಹಿಡಿದ. ಆಸ್ಪತ್ರೆ ಇದ್ದದ್ದು ಲಾಲ್‌ಬಾಗಿನ ಕಡೆ. ಸಿಟಿ ಬಸ್ಸಿನಲ್ಲಿ ಆಕೆಗೆ ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತಿತ್ತು. ನಡುದಾರಿಯಲ್ಲಿ ಇಳಿಯಬೇಕು, ಜಾಗ ಹುಡುಕಬೇಕು, ಮತ್ತೊಂದು ಬಸ್ಸಿಗೆ ಕಾಯಬೇಕು. ಎರಡು ದಿನ ಸರದಿಯೇ ತಪ್ಪಿತು. ಹೀಗೆ ದಿನ ತಪ್ಪಿಸಿದರೆ ಕೊಟ್ಟ ಚಿಕಿತ್ಸೆಯೂ ಹತ್ತುವುದಿಲ್ಲ ಎಂದು ಡಾಕ್ಟರು ಗದರಿದರು.

“ಮೆಟ್ರೋದಾಗ ಹೋಗಮು ನಡಿ,” ಎಂದ ಪಕೀರಪ್ಪ.

ಮೆಜೆಸ್ಟಿಕ್ ನಿಲ್ದಾಣದವರೆಗೆ ಬಂದ ಹುಸೇನಮ್ಮ, ನೆಲದೊಳಗೆ ಇಳಿಯುವ ಮೆಟ್ಟಿಲು ಕಂಡದ್ದೇ ಕುಸಿದು ಕೂತಳು.

“ನಾ ಒಲ್ಲೆ. ಸತ್ತರ ಮ್ಯಾಲೆ ಸಾಯ್ತೀನಿ, ಮಣ್ಣಾಗ ಇಳಿಯಂಗಿಲ್ಲ.”

ಆಕೆಯ ತಮ್ಮ ಅಂಬಪ್ಪ ಬಾವಿ ತೋಡುವಾಗ ದಂಡೆ ಕುಸಿದು ಸತ್ತಿದ್ದ. ಹೆಣ ಮೇಲೆತ್ತುವಷ್ಟರಲ್ಲಿ ಸಂಜೆಯಾಗಿತ್ತು. ಅವನ ಬಾಯೊಳಗಿನ ಮಣ್ಣು ತೆಗೆದವಳು ಆಕೆಯೇ.

“ಯಾ ಊರ ಅಕ್ಕಾ? ಮಾತು ನಮ್ಮ ಕಡೀದು ಅನ್ನಸ್ತದ.”

ನಿಲ್ದಾಣ ಗುಡಿಸುವ ಹೆಂಗಸೊಬ್ಬಳು ಕೇಳಿದಳು. ಸಿಂಧನೂರಿನ ಖಾಸಿಂಬೀ. ಹುಸೇನಮ್ಮ ಹೇಳಿದ ಅಂಬಪ್ಪನ ಸಂಗತಿ ಕೇಳಿ ಆಕೆ ನಗಲಿಲ್ಲ. ಪೊರಕೆ ಬದಿಗಿಟ್ಟು ಪಕ್ಕದಲ್ಲೇ ಕೂತಳು.

“ಇದನ್ನ ಕಟ್ಟಾಗ ನಾನೂ ನನ್ನ ಗಂಡಾನೂ ಕೂಲಿಗೆ ಬಂದಿದ್ವಿ. ಮೊದಲ ಇಲ್ಲಿ ಬಸ್ ಸ್ಟ್ಯಾಂಡಿನ ಬಯಲಿತ್ತು. ಅದನ್ನ ಮ್ಯಾಲಿಂದ ಅಗದರು. ಬಾವಿಗತೆ ಸುಮ್ನ ಅಗದಿಲ್ಲ ಅಕ್ಕಾ. ಮಣ್ಣು ಜಾರದಂಗ ಬದಿಗೆ ಆಸರ ಕೊಟ್ಟು, ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕ್ಯಾರ. ವರ್ಷಗಟ್ಟಲೆ ಹಿಡೀತು. ಈಗ ನಾ ದಿನಾ ಇದರಾಗ ಇಳೀತೀನಿ.”

“ಒಳಗ ಉಸಿರು ಕಟ್ಟಿದರ?”

“ಗಾಳಿ ಬಿಡೋ ಮಷೀನ್ ಅದಾವ.”

ಹುಸೇನಮ್ಮ ದನಿ ತಗ್ಗಿಸಿದಳು. “ಒಂದಕ್ಕ ಅವಸರ ಆದ್ರ?”

“ಪಾಯಖಾನಿ ಅದ. ನಾನ ತೊಳೀತೀನಿ. ಮೆಟ್ಲು ಇಳಿಯೋದು ಬ್ಯಾಡ, ಲಿಫ್ಟ್ ಅದ. ಕೌಂಟರಿನಾಗ ಕೇಳಿದ್ರ ಗಾಲಿ ಕುರ್ಚಿ ಕೊಡ್ತಾರ. ಹಳದಿ ಪಟ್ಟಿ ದಾಟಬ್ಯಾಡ್ರಿ, ಬಾಗಿಲು ಮುಚ್ಚಾಗ ಓಡಬ್ಯಾಡ್ರಿ. ಬರ್ರಿ, ನಾನೂ ಕೆಳತನಕ ಬರ್ತೀನಿ.”

ಹುಸೇನಮ್ಮ ಗಂಡನ ತೋಳು ಹಿಡಿದು, ಕಣ್ಣು ಮುಚ್ಚಿಕೊಂಡೇ ಲಿಫ್ಟಿನಲ್ಲಿ ಇಳಿದಳು. ರೈಲು ಬರುವ ಗಾಳಿ ಮುಖಕ್ಕೆ ಬಡಿದಾಗ ತಮ್ಮನ ಹೆಸರು ಹಿಡಿದು ಅತ್ತಳು. ರೈಲು ಹತ್ತಿದ ಮೇಲೆ ಯಾರೋ ಎದ್ದು ಜಾಗ ಬಿಟ್ಟರು. ಎರಡು ನಿಲ್ದಾಣ ಕಳೆದ ಮೇಲೆ ರೈಲು ಬೆಳಕಿಗೆ ಬಂತು. ಹತ್ತು ಹನ್ನೆರಡು ನಿಮಿಷದಲ್ಲಿ ಲಾಲ್‌ಬಾಗ್. ಅಂದು ಸರದಿಗೆ ಮೊದಲೇ ಹೋಗಿ ಕೂತರು.

ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಭಯವೂ ಪೂರ್ತಿ ಹೋಗಲಿಲ್ಲ. ಚಿಕಿತ್ಸೆ ಮುಗಿದ ದಿನ ಡಾಕ್ಟರು, “ಬೇನೆ ಬಲಿತ ಮೇಲೆ ಬಂದಿದ್ದೀರಿ, ಈಗಲೇ ಏನೂ ಹೇಳಲಾಗದು. ಮೂರು ತಿಂಗಳಿಗೆ ತೋರಿಸಿ,” ಎಂದರು.

ಆಸ್ಪತ್ರೆಯ ಸಾಲಿನಲ್ಲಿ ಮುದಗಲ್‌ನ ವೀರಭದ್ರಮ್ಮ ಆಕೆಗೆ ಗೆಳತಿಯಾಗಿದ್ದಳು. ಅದೇ ಬೇನೆ. “ಈ ತಿರುಗಾಟ ನನ್ನ ಕೈಲಿ ಆಗಂಗಿಲ್ಲವ್ವಾ” ಎಂದು ಆಕೆ ಹನ್ನೊಂದನೇ ದಿನಕ್ಕೇ ಊರಿಗೆ ಹೋಗಿಬಿಟ್ಟಿದ್ದಳು. ಹೇಗಾದರೂ ಮಾಡಿ ಮತ್ತೆ ಕರೆದೊಯ್ಯಬೇಕೆಂದು, ಊರಲ್ಲಿ ತುಸು ಚೇತರಿಸಿಕೊಂಡದ್ದೇ ಹುಸೇನಮ್ಮ ಮುದಗಲ್‌ಗೆ ಹೋದಳು.

ಬಾಗಿಲಲ್ಲಿ ವೀರಭದ್ರಮ್ಮನ ಗಂಡ ನಿಂತಿದ್ದ.

“ಹೋದ ಸೋಮವಾರ ಮಣ್ಣ ಮಾಡಿದ್ವಿ ತಂಗಿ.”

ಹುಸೇನಮ್ಮ ಅಲ್ಲಿಂದಲೇ ಊರಿಗೆ ತಿರುಗಿದಳು. ಈಗ ಬೆಂಗಳೂರಿಗೆ ಚಿಕಿತ್ಸೆಗೆ ಯಾರಾದರೂ ಹೊರಟಿದ್ದಾರೆಂದು ತಿಳಿದರೆ ಅವರ ಮನೆಗೆ ತಾನೇ ಹೋಗುತ್ತಾಳೆ. ಲಿಫ್ಟ್ ಎಲ್ಲಿದೆ, ಕುರ್ಚಿ ಯಾರಲ್ಲಿ ಕೇಳಬೇಕು ಎಂದು ಹೇಳಿ ಬರುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿದ್ದರೆ ದಾರಿಗೆ ಅಂಜಿ ಚಿಕಿತ್ಸೆ ಅರ್ಧಕ್ಕೆ ಬಿಡಬೇಡಿ. ನಿಲ್ದಾಣದ ಕೌಂಟರಿನಲ್ಲಿ ನಾಚದೆ ಕೇಳಿ, ಜೊತೆಗೊಬ್ಬರನ್ನು ಕರೆದುಕೊಂಡು ಇಳಿಯಿರಿ. ಭಯ ಇದ್ದರೆ ಇರಲಿ. ಆ ದಿನದ ಸರದಿ ಮಾತ್ರ ತಪ್ಪದಿರಲಿ.